ಸೇಡು ವಿಧಿಯಲ್ಲ

ಫ್ರಾನ್ಸಿನ ಕ್ರಾಂತಿಯ ಕುರಿತು ಚಾರ್ಲ್ಸ್ ಡಿಕನ್ಸ್ 1859ರಲ್ಲಿ ಬರೆದ 'ಎ ಟೇಲ್ ಆಫ್ ಟು ಸಿಟೀಸ್' ಕಾದಂಬರಿಯಲ್ಲಿ ಮದಾಮ್ ಡಿಫಾರ್ಜ್ ಕೊಲ್ಲಬೇಕಾದವರ ಹೆಸರುಗಳನ್ನು ಹೆಣಿಗೆಯಲ್ಲಿ ಹೆಣೆಯುತ್ತಾಳೆ. ಅವಳ ಕುಟುಂಬವನ್ನು ನಾಶಮಾಡಿದ ಮನೆತನದಲ್ಲಿ ಹುಟ್ಟಿದ್ದೇ ನಿರಪರಾಧಿ ಡಾರ್ನೆಯ ತಪ್ಪು. ಕೊನೆಗೆ ಅವನ ಬದಲು ಸಿಡ್ನಿ ಕಾರ್ಟನ್ ಪ್ರಾಣ ಕೊಡುತ್ತಾನೆ.

ಇಂತಹ ಕಥೆ ನಮ್ಮ ನೆಲದಲ್ಲೂ ನಡೆದಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಜಾತಿ ಮೀರಿ ಬೀಗತನ ಬೆಳೆಸಿ ಪ್ರಾಣ ತೆತ್ತರು, ಅದಕ್ಕೆ ಪ್ರತೀಕಾರವಾಗಿ ಬಿಜ್ಜಳನ ಕೊಲೆಯಾಯಿತು ಎನ್ನುತ್ತದೆ ಶರಣ ಪರಂಪರೆ. ಆ ಕೊಲೆಯಿಂದ ಶಾಂತಿ ಬರಲಿಲ್ಲ. ಶರಣರು ಕಲ್ಯಾಣ ತೊರೆಯಬೇಕಾಯಿತು.

ಸುಮಾರು ಎಂಟು ಶತಮಾನಗಳ ನಂತರ ಬಸವಕಲ್ಯಾಣ, ಹುಮನಾಬಾದ್ ಇರುವ ಬೀದರ್ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಜಾಕಾರರು ಹಿಂದೂಗಳ ಮೇಲೆ ದೌರ್ಜನ್ಯ ಎಸಗಿದರು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಬಳಿಕ ಸೇಡು ಸಾಮಾನ್ಯ ಮುಸ್ಲಿಮರ ಮೇಲೆ ತಿರುಗಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು.

ಆದರೆ ಸಂಸ್ಥಾನದ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಮರನ್ನು ಕಾಪಾಡಲು ನಿಂತದ್ದನ್ನೂ, ಕೆಲವರು ಪ್ರಾಣವನ್ನೇ ಕಳೆದುಕೊಂಡದ್ದನ್ನೂ ಅದೇ ವರದಿ ದಾಖಲಿಸಿದೆ. ಕಾರ್ಟನ್ ಕಾದಂಬರಿಯ ಪಾತ್ರ. ಇವರು ನಮ್ಮ ನೆರೆಹೊರೆಯವರು.

ನಡೆದದ್ದೆಲ್ಲ ಹಣೆಬರಹವೆಂದರೆ ಕೊಂದವರ ಹೊಣೆಯೂ ಅಳಿಯುತ್ತದೆ, ಕಾಪಾಡಿದವರ ಋಣವೂ ಅಳಿಯುತ್ತದೆ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವಂತಿಲ್ಲವೆಂದು ಕುರ್‌ಆನ್ ಕಲಿಸುತ್ತದೆ. ರಜಾಕಾರರ ಪಾಪವನ್ನೂ ಆಮೇಲಿನ ಹತ್ಯೆಗಳನ್ನೂ ಒಂದೇ ನಾಲಗೆಯಲ್ಲಿ ಖಂಡಿಸುವುದು ನಮ್ಮೆಲ್ಲರ ಹೊಣೆ.