ಬ್ರೇಕ್ ಏಕೆ ಉಜ್ಜುತ್ತದೆ?

ಸೈಕಲ್ಲಿನ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು ಒಮ್ಮೆ ಜೋರಾಗಿ ತಿರುಗಿಸಿ ನೋಡಿ. ಕಿವಿಗೊಟ್ಟರೆ ‘ಸರ್ ಸರ್’ ಎಂಬ ಸದ್ದು ಕೇಳಿಸಬಹುದು. ಬ್ರೇಕ್ ರಬ್ಬರು ರಿಮ್ಮಿಗೆ ಉಜ್ಜುತ್ತಿದೆ ಎಂದು ಅರ್ಥ. ಪೇಟೆಗೆ ಹೋಗಿಬರುವವರಿಗೆ ಇದೊಂದು ಕಿರಿಕಿರಿ, ಅಷ್ಟೆ. ಆದರೆ 3.8 ಕಿಲೋಮೀಟರ್ ಈಜಿ ಬಂದು, 180 ಕಿಲೋಮೀಟರ್ ಸೈಕಲ್ ತುಳಿದು, ಆಮೇಲೆ ಪೂರ್ಣ ಮ್ಯಾರಥಾನ್ ಓಡಬೇಕಾದ ಟ್ರಯಾಥ್ಲಾನ್ ಸ್ಪರ್ಧಿಯ ಪಾಡೇನು? ಪ್ರತಿ ಸುತ್ತಿನಲ್ಲೂ ಕಾಲಿನ ಕಸುವು ಸೋರಿಹೋಗುತ್ತದೆ.

ಈ ಸದ್ದಿಗೂ ಒಂದು ಚರಿತ್ರೆಯಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾನ್‌ಹೈಮ್ ನಗರದಿಂದ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ; ನೆಲವನ್ನು ಒದ್ದು ಮುಂದೆ ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಗಾಡಿಗಳಿಗೆ ಪೆಡಲ್ ಬಂತು. ಅದರ ಹ್ಯಾಂಡಲ್ ತಿರುಚಿದರೆ ಹಗ್ಗ ಬಿಗಿದು, ಹಿಂದಿನ ಚಕ್ರದ ಕಬ್ಬಿಣದ ಪಟ್ಟಿಯ ಮೇಲೆ ಒಂದು ತುಂಡು ಒತ್ತುತ್ತಿತ್ತು. ಬಳಿಕ ಬಂದ ಎತ್ತರದ ಮುಂಚಕ್ರದ ಸೈಕಲ್ಲಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಸವಾರನೇ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ!

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಸೈಕಲ್ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಮೆತ್ತನೆಯ ಟೈರಿನ ಮೇಲೆ ಬ್ರೇಕ್ ಒತ್ತಿದರೆ ಟೈರೇ ಸವೆಯುತ್ತದೆ. ಹೀಗಾಗಿ ಬ್ರೇಕ್ ಕ್ರಮೇಣ ರಿಮ್ಮಿಗೆ ಸರಿಯಿತು. ಇಂದಿನ ಉಜ್ಜಾಟದ ಮೂಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ರಬ್ಬರಿಗೂ ರಿಮ್ಮಿಗೂ ನಡುವೆ ಉಳಿದದ್ದು ಕೆಲವೇ ಮಿಲಿಮೀಟರ್ ಜಾಗ. 1896ರಲ್ಲಿ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದ ಕೇಬಲ್ಲು ಇನ್ನೊಂದು ದಾರಿ ತೆರೆಯಿತು. ಸುರುಳಿ ತಂತಿಯ ಕವಚದೊಳಗೆ ಓಡುವ ತಂತಿಯನ್ನು ಬಾಗಿದ ಹಾದಿಯಲ್ಲೂ ಎಳೆಯಬಹುದು. ನಮ್ಮ ಅಜ್ಜಂದಿರ ಕಡ್ಡಿ ಬ್ರೇಕಿನ ಸೈಕಲ್ಲಿಗೆ ಈ ಸೌಕರ್ಯವಿರಲಿಲ್ಲ. ತುಕ್ಕಿನ ಕಾಟವೂ ಇಷ್ಟಿರಲಿಲ್ಲ ಅನ್ನಿ!

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಿಷನ್ ಬೇ ಟ್ರಯಾಥ್ಲಾನ್ ನಡೆಯಿತು. 1978ರಲ್ಲಿ ಹವಾಯಿಯಲ್ಲಿ ಮೊದಲ ‘ಐರನ್‌ಮ್ಯಾನ್’. ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಮುಗಿಸಿದರು. ಮುಂದೆ ಈ ಕ್ರೀಡೆಗೆಂದೇ ಸೈಕಲ್ಲುಗಳು ತಯಾರಾದವು. ಗಾಳಿಯ ತಡೆ ತಗ್ಗಿಸಲು ಕೆಲವು ತಯಾರಕರು ಹಿಂಬದಿಯ ಬ್ರೇಕನ್ನು ಪೆಡಲ್ ಅಚ್ಚಿನ ಕೆಳಗೆ ಬಚ್ಚಿಟ್ಟರು. ಗಾಳಿ ಮೋಸಹೋಯಿತೋ ಏನೋ, ರಿಪೇರಿ ಮಾಡುವವನಂತೂ ಮೋಸಹೋದ. ರಸ್ತೆಯ ಕೆಸರು, ಬೆವರು, ನೀರು ಎಲ್ಲ ಅಲ್ಲಿಗೇ ಇಳಿಯುತ್ತವೆ. ಕೇಬಲ್ಲು ಫ್ರೇಮಿನೊಳಗೆ ಸುತ್ತಿ ಬಾಗಿ ಬರಬೇಕು.

ಮನೆಯಲ್ಲೇ ಸರಿಪಡಿಸಬಹುದೇ? ಖಂಡಿತ, ಮೊದಲು ಕಾರಣ ಹುಡುಕಿ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಉಜ್ಜಿದರೆ ರಿಮ್ ಬೆಂಡಾಗಿದೆ. ರಿಮ್ ಬಲಕ್ಕೆ ವಾಲಿದ್ದರೆ ಅಲ್ಲಿ ಎಡಬದಿಯ ಕಡ್ಡಿಗಳನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಬೇಕು. ಕೈ ಪಳಗದವರು ಇದನ್ನು ಸೈಕಲ್ ಅಂಗಡಿಯವರಿಗೆ ಬಿಡುವುದು ಲೇಸು. ಒಂದೇ ಬದಿಗೆ ಸದಾ ಉಜ್ಜುತ್ತಿದ್ದರೆ ಅಚ್ಚನ್ನು ಸಡಿಲಿಸಿ, ಸೈಕಲ್ ನೆಲದ ಮೇಲೆ ನೆಟ್ಟಗೆ ನಿಂತಿರುವಾಗಲೇ ಮತ್ತೆ ಬಿಗಿಯಿರಿ. ಎಷ್ಟೋ ಸಲ ದೋಷ ಬ್ರೇಕಿನದಲ್ಲ, ಓರೆಯಾಗಿ ಕುಳಿತ ಚಕ್ರದ್ದು. ಆಗಲೂ ಸರಿಹೋಗದಿದ್ದರೆ ಬ್ರೇಕಿನ ತೋಳಿನಲ್ಲಿರುವ ಸಣ್ಣ ಸ್ಕ್ರೂ ತಿರುಗಿಸಿ, ಎರಡೂ ರಬ್ಬರುಗಳನ್ನು ಸಮದೂರಕ್ಕೆ ತನ್ನಿ.

ಒತ್ತಿ ಬಿಟ್ಟ ಮೇಲೂ ಬ್ರೇಕ್ ಹಿಂದಕ್ಕೆ ಬರುತ್ತಿಲ್ಲವೇ? ಕೇಬಲ್ಲನ್ನು ಬ್ರೇಕಿನಿಂದ ಬಿಡಿಸಿ, ತೋಳುಗಳನ್ನು ಕೈಯಿಂದಲೇ ಹಿಸುಕಿ. ಚಟ್ಟನೆ ಬಿಚ್ಚಿಕೊಂಡರೆ ತಪ್ಪು ಕೇಬಲ್ಲಿನದು, ಬದಲಿಸಿ. ಬಿಚ್ಚಿಕೊಳ್ಳದಿದ್ದರೆ ಕೀಲಿನ ಕೊಳೆ ತೆಗೆದು ಒಂದು ಹನಿ ಎಣ್ಣೆ ಬಿಡಿ. ರಿಮ್ಮಿಗಾಗಲಿ ರಬ್ಬರಿಗಾಗಲಿ ಎಣ್ಣೆ ತಾಗಕೂಡದು. ಸದ್ದು ನಿಂತರೆ ಸಾಕೆಂದು ಕೇಬಲ್ಲನ್ನು ಪೂರ್ತಿ ಸಡಿಲ ಬಿಡುವವರಿದ್ದಾರೆ. ಇಳಿಜಾರಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಲಿವರನ್ನು ಹತ್ತು ಸಲ ಬಲವಾಗಿ ಒತ್ತಿ ನೋಡಿ. ಹ್ಯಾಂಡಲ್ಲಿಗೆ ತಾಗುವಂತಿದ್ದರೆ ರಸ್ತೆಗೆ ಇಳಿಯಬೇಡಿ.

2010ರ ದಶಕದ ಕೊನೆಯ ಹೊತ್ತಿಗೆ ಟ್ರಯಾಥ್ಲಾನ್ ಸೈಕಲ್ಲುಗಳಿಗೂ ಡಿಸ್ಕ್ ಬ್ರೇಕ್ ಬರತೊಡಗಿತು. ರಿಮ್ ಬೆಂಡಾದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಅಲ್ಲಿ ತಟ್ಟೆಗೂ ಪ್ಯಾಡಿಗೂ ನಡುವಿನ ಜಾಗ ಇನ್ನೂ ಕಿರಿದು. ತಟ್ಟೆ ಕೂದಲೆಳೆಯಷ್ಟು ಬಾಗಿದರೂ ಸಾಕು, ಅದೇ ‘ಸರ್ ಸರ್’.