ಒಂಟಿ ಈಡಿನ ರೈಫಲ್ ಮತ್ತು ಜಿಂಕೆ ಬೇಟೆ

ಮ್ಯಾಗಜೀನ್ ಇಲ್ಲದ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಸುವ ಬೇಟೆ ಬಂದೂಕಿಗೆ ಒಂಟಿ ಈಡಿನ ರೈಫಲ್ ಎನ್ನುತ್ತಾರೆ. ಈಡು ಹೊಡೆದ ಮೇಲೆ ಖಾಲಿ ತೋಟಾ ತೆಗೆದು ಹೊಸದನ್ನು ಕೈಯಿಂದಲೇ ಇಡಬೇಕು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ತಿರುಗಿಸುತ್ತ ನೇರಕ್ಕೆ ಕಳಿಸುವುದರಿಂದ ಇದು ಚರೆ ಹೊಡೆಯುವ ಕೋವಿಗಿಂತ ಬೇರೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ರೈಫಲ್ ಎಂದರೆ ಬಹುಮಟ್ಟಿಗೆ ಒಂಟಿ ಈಡಿನದೇ. 1890ರ ದಶಕದಲ್ಲಿ ಅದು ಹಳತೆನಿಸಿ ಮೂಲೆ ಸೇರಿತು. 1967ರಿಂದ ಈಚೆಗೆ ಬೇಟೆಗಾರರು ಅದನ್ನು ಬೇಕೆಂದೇ ಆರಿಸಿಕೊಳ್ಳತೊಡಗಿದರು. ಹೀಗೆ ಮರಳಿ ಬರಲು ಕಾರಣ ಜಿಂಕೆ ಬೇಟೆಯ ಸ್ವಭಾವದಲ್ಲೇ ಇದೆ: ನಿಂತ ಜಿಂಕೆಗೆ ಹೊಡೆದ ಮೊದಲ ಈಡೇ ಬಹುತೇಕ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ಓಡುವ ಜಿಂಕೆಯ ಹಿಂದೆ ಹಾರಿಸಿದ ಎರಡನೆಯ, ಮೂರನೆಯ ಈಡುಗಳು ಅದನ್ನು ಕೊಲ್ಲುವುದಕ್ಕಿಂತ ಗಾಯಗೊಳಿಸಿ ಕಳೆದುಕೊಳ್ಳುವುದೇ ಹೆಚ್ಚು.

ಈ ಚರಿತ್ರೆ ಮುಖ್ಯವಾಗಿ ಅಮೆರಿಕದ ಬಿಳಿಬಾಲದ ಜಿಂಕೆಗೂ ಸ್ಕಾಟ್ಲೆಂಡಿನ ಕೆಂಪು ಜಿಂಕೆಗೂ ಸೇರಿದ್ದು. ಭಾರತದಲ್ಲಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆ ಜಿಂಕೆ, ಕಡವೆಗಳ ಬೇಟೆ ಶಿಕ್ಷಾರ್ಹ ಅಪರಾಧ.

ಬಾಯಿಂದ ತುಂಬುತ್ತಿದ್ದ ಕಾಲ

ಜಿಂಕೆಗೆಂದೇ ರೂಪುಗೊಂಡ ಮೊದಲ ರೈಫಲ್‌ಗಳಲ್ಲಿ ದಕ್ಷಿಣ ಜರ್ಮನಿಯ ಯೇಗರ್ ಮುಖ್ಯವಾದುದು. ನಳಿಗೆ ಗಿಡ್ಡ, ದಪ್ಪ, ಗುಂಡು ಭಾರ. ದಟ್ಟ ಕಾಡಿನಲ್ಲಿ ಹತ್ತಿರದಿಂದ ಹೊಡೆಯಲು ಅದು ಸರಿಹೋಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ವಲಸೆ ಬಂದ ಜರ್ಮನ್ ಕಮ್ಮಾರರು ಲ್ಯಾಂಕಾಸ್ಟರ್ ಸೀಮೆಯಲ್ಲಿ ಅದೇ ರೈಫಲನ್ನು ಅಲ್ಲಿನ ಬದುಕಿಗೆ ಒಗ್ಗಿಸಿದರು. ನಳಿಗೆ 40 ಅಂಗುಲ ದಾಟಿ ಬೆಳೆಯಿತು, ಗುಂಡು ಸಣ್ಣದಾಯಿತು. ಊರಿನಿಂದ ವಾರಗಟ್ಟಲೆ ದೂರವಿರುವ ಬೇಟೆಗಾರ ಸೀಸ, ಮದ್ದು ಎರಡನ್ನೂ ಬೆನ್ನ ಮೇಲೆ ಹೊರಬೇಕು. ಗುಂಡು ಸಣ್ಣದಾದಷ್ಟೂ ಅದೇ ಸೀಸದಲ್ಲಿ ಹೆಚ್ಚು ಈಡು. ಗುಂಡಿಗೆ ಎಣ್ಣೆ ಹಚ್ಚಿದ ಬಟ್ಟೆಯ ಚೂರು ಸುತ್ತಿ ನಳಿಗೆಯ ಬಾಯಿಂದ ತಳ್ಳಿದರೆ ಅದು ಗೀರುಗಳಿಗೆ ಬಿಗಿಯಾಗಿ ಕೂರುತ್ತಿತ್ತು. ಆ ಶತಮಾನದಲ್ಲಿ ಜಿಂಕೆ ಚರ್ಮ ದೊಡ್ಡ ವ್ಯಾಪಾರದ ಸರಕು. ಚಾರ್ಲ್ಸ್‌ಟನ್ ಬಂದರಿನಿಂದ ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋಗುತ್ತಿತ್ತು.

ಚಕಮಕಿ ಕಲ್ಲಿನ ಬಂದೂಕಿಗೆ ಒಂದು ದೊಡ್ಡ ದೋಷವಿತ್ತು. ಕುದುರೆ, ಅಂದರೆ ಪೆಟ್ಟು ಕೊಡುವ ಸುತ್ತಿಗೆ, ಬಿದ್ದು ಕಿಡಿ ಹಾರಿ ಕಿವಿಮದ್ದು (ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದು) ಭುಗ್ಗೆಂದ ಮೇಲೆ ಕ್ಷಣ ಕಳೆದು ಗುಂಡು ಹೊರಡುತ್ತಿತ್ತು. ಆ ಕ್ಷಣದಲ್ಲಿ ಹಕ್ಕಿಯೂ ಜಿಂಕೆಯೂ ಬೆದರುತ್ತಿದ್ದವು. ಸ್ಕಾಟ್ಲೆಂಡಿನ ಬೆಲ್ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ನೀರುಹಕ್ಕಿಗಳು ಹೀಗೆ ತಪ್ಪಿಸಿಕೊಳ್ಳುವುದು ಸಹಿಸದಾಯಿತು. ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಕ್ರಮಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಯಿತು, ಅಂದರೆ ಕೇಪು. ಮಲೆನಾಡಿನ ಮನೆಗಳ ಕೇಪಿನ ಕೋವಿ ಇದೇ ಸಂತತಿಯದು.

ಕನ್ನಡನಾಡಿನಲ್ಲಿ ಒಂಟಿ ಈಡಿನ ಬಂದೂಕಿಗೆ ಗಟ್ಟಿ ನೆಲೆ ಸಿಕ್ಕಿದ್ದು ಕೊಡಗಿನಲ್ಲಿ. ಮಾರ್ಕ್ ಕಬ್ಬನ್ ಮುಖ್ಯ ಆಯುಕ್ತರಾಗಿದ್ದಾಗ, 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ದೊರೆಯಿತು. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ಮುಂದುವರಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಆದರೆ ಆ ಮನೆಗಳ ಹಳೆಯ ಒಂಟಿ ನಳಿಗೆ ಕೋವಿಗಳಲ್ಲಿ ಹೆಚ್ಚಿನವು ನುಣುಪು ನಳಿಗೆಯವು. ರೈಫಲ್ ಚರಿತ್ರೆಗೆ ಅವು ದಾಯಾದಿಗಳೇ ಹೊರತು ನೇರ ಸಂತಾನವಲ್ಲ.

ಹಿಂದಿನಿಂದ ತುಂಬುವ ರೈಫಲ್

ನಿಂತೇ ತುಂಬಬೇಕು, ಕೋಲು ಹಾಕಿ ಜಡಿಯಬೇಕು, ಅಷ್ಟು ಹೊತ್ತೂ ಬೇಟೆಗಾರ ಜಿಂಕೆಯ ಕಣ್ಣಿಗೆ ಬೀಳುತ್ತಿರಬೇಕು. ಈ ಕಷ್ಟ ಕಳೆಯಲು ನಳಿಗೆಯ ಹಿಂಬದಿಯನ್ನು ತೆರೆಯುವ ದಾರಿಯನ್ನು ಅನೇಕರು ಹುಡುಕಿದರು. ಗೆದ್ದವರಲ್ಲಿ ಕ್ರಿಶ್ಚಿಯನ್ ಶಾರ್ಪ್ಸ್ ಮೊದಲಿಗ. ಹಾರ್ಪರ್ಸ್ ಫೆರಿಯ ಆಯುಧಾಗಾರದಲ್ಲಿ ಪಳಗಿದ ಈತ 1848ರಲ್ಲಿ ಪೇಟೆಂಟ್ ಮಾಡಿಸಿದ ರಚನೆಯಲ್ಲಿ, ಟ್ರಿಗರಿನ ಸುತ್ತಲಿನ ಸನ್ನೆಯನ್ನು ಕೆಳಗೆ ಎಳೆದರೆ ಗಟ್ಟಿ ಉಕ್ಕಿನ ತುಂಡೊಂದು ಚೌಕಟ್ಟಿನೊಳಗೆ ಕೆಳಕ್ಕೆ ಜಾರಿ ನಳಿಗೆಯ ಹಿಂಬಾಯಿ ತೆರೆಯುತ್ತದೆ. ಸನ್ನೆ ಎತ್ತಿದರೆ ಅದೇ ತುಂಡು ಮೇಲೇರಿ ಬಾಗಿಲು ಹಾಕುತ್ತದೆ. ಸಿಡಿತದ ಒತ್ತಡವನ್ನು ಎರಡೂ ಬದಿಯ ಉಕ್ಕಿನ ಗೋಡೆಗಳೇ ಹೊರುವುದರಿಂದ ಈ ಬಾಗಿಲು ಬಲು ಭದ್ರ. ಇಂದಿಗೂ ಅತ್ಯುತ್ತಮ ಎನಿಸಿಕೊಂಡ ಒಂಟಿ ಈಡಿನ ರೈಫಲ್‌ಗಳಲ್ಲಿ ಹಲವು ಇದೇ ತತ್ತ್ವದ ಮೇಲೆ ನಿಂತಿವೆ.

ಕಾಗದದ ತೋಟಾ ಬಳಸುತ್ತಿದ್ದಾಗ ಬಿಸಿ ಹೊಗೆ ಸಂದಿಯಲ್ಲಿ ಹೊಡೆಗಾರನ ಮುಖಕ್ಕೇ ನುಗ್ಗುತ್ತಿತ್ತು. ಅದನ್ನು ನಿಲ್ಲಿಸಿದ್ದು ಹಿತ್ತಾಳೆಯ ತೋಟಾ. ಈಡು ಹಾರಿದಾಗ ಹಿತ್ತಾಳೆ ಹಿಗ್ಗಿ ಗೋಡೆಗೆ ಅಂಟಿಕೊಂಡು ಸಂದಿ ಮುಚ್ಚುತ್ತದೆ, ಒತ್ತಡ ಇಳಿದ ಕೂಡಲೇ ಕುಗ್ಗಿ ಸಡಿಲವಾಗುತ್ತದೆ. ತೋಟಾದ ಹಿಂದಿನ ಅಂಚನ್ನು ಹಿಡಿದು ಎಳೆಯುವ ಪುಟ್ಟ ಕೊಕ್ಕೆ ಉಳಿದ ಕೆಲಸ ಮಾಡುತ್ತದೆ. ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ .45-70 ತೋಟಾ ಈ ಪೀಳಿಗೆಯದು. ಒಂದೂವರೆ ಶತಮಾನ ಕಳೆದರೂ ಜಿಂಕೆ ಬೇಟೆಗಾರರ ಚೀಲದಲ್ಲಿ ಅದು ಇದ್ದೇ ಇದೆ.

ರೆಮಿಂಗ್ಟನ್ ಕಂಪನಿಯ ರೋಲಿಂಗ್ ಬ್ಲಾಕ್ ಇನ್ನೂ ಸರಳ. ಕುದುರೆಯನ್ನು ಹಿಂದಕ್ಕೆ ಎಳೆದು ಬಾಗಿಲನ್ನು ಹೆಬ್ಬೆರಳಿನಿಂದ ಉರುಳಿಸಿದರೆ ತೆರೆಯಿತು. ಟ್ರಿಗರ್ ಒತ್ತಿದಾಗ ಮುಂದಕ್ಕೆ ಬೀಳುವ ಕುದುರೆಯ ಬುಡವೇ ಬಾಗಿಲಿಗೆ ಅಗುಳಿಯಾಗುತ್ತದೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಈ ರೈಫಲ್ ಹಲವು ದೇಶಗಳ ಸೇನೆ ಸೇರಿತು, ಹತ್ತು ಲಕ್ಷಕ್ಕೂ ಮೀರಿ ತಯಾರಾಯಿತು.

ಹಿಂದಿನಿಂದ ತುಂಬುವ ರೈಫಲ್ ಬಾಯಿಂದ ತುಂಬುವುದರಷ್ಟು ನಿಖರವೇ ಎಂಬ ಅನುಮಾನ ತೀರಿದ್ದು ಕಾಡಿನಲ್ಲಲ್ಲ, ಪಂದ್ಯದ ಬಯಲಿನಲ್ಲಿ. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರಿನಲ್ಲಿ ಐರ್ಲೆಂಡಿನ ತಂಡ ಬಾಯಿಂದ ತುಂಬುವ ರಿಗ್ಬಿ ರೈಫಲ್‌ಗಳೊಂದಿಗೆ ಬಂತು. ಅಮೆರಿಕದ ತಂಡ ಶಾರ್ಪ್ಸ್, ರೆಮಿಂಗ್ಟನ್ ಹಿಡಿದು ನಿಂತಿತು. ದೂರ 800, 900, 1000 ಗಜ. ಐರಿಷ್ ಹೊಡೆಗಾರನೊಬ್ಬ ತನ್ನದಲ್ಲದ ಹಲಗೆಯ ನಟ್ಟನಡುವಿಗೆ ಹೊಡೆದು ಅಂಕ ಕಳೆದುಕೊಂಡ. ಪಂದ್ಯ ಕೊನೆಯ ಈಡಿನವರೆಗೆ ಎಳೆಯಿತು. ಒಡೆದ ಸೀಸೆಯಿಂದ ಕೈ ಕೊಯ್ದುಕೊಂಡಿದ್ದ ಜಾನ್ ಬೋಡೀನ್ ರಕ್ತ ಸೋರುವ ಕೈಯಲ್ಲೇ ಗುರಿ ಹಿಡಿದು ಗೆಲ್ಲಿಸಿದ. ಅಂಕ 934ಕ್ಕೆ 931. ಗೆಲುವಿನ ಅಂತರ ಸಣ್ಣದಾದರೂ ಬಾಯಿಂದ ತುಂಬುವ ರೈಫಲಿನ ಹಿರಿಮೆ ಅಂದಿಗೆ ಮುಗಿಯಿತು.

ಈ ಬಲ ಎತ್ತ ಹೋಯಿತೆಂಬುದನ್ನೂ ಹೇಳಬೇಕು. ಶಾರ್ಪ್ಸ್, ರೆಮಿಂಗ್ಟನ್ ರೈಫಲ್‌ಗಳೇ 1870ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯ ಕಾಡೆಮ್ಮೆ ಹಿಂಡುಗಳನ್ನು ಚರ್ಮಕ್ಕಾಗಿ ಮುಗಿಸಿದವು. ಒಂದೇ ಈಡು ಎಂಬುದು ತಾನಾಗಿಯೇ ಸಂಯಮ ತರುವುದಿಲ್ಲ. ಹೊಡೆಯುವವನಿಗೆ ಮಿತಿ ಬೇಕೆನಿಸಿದಾಗ ಮಾತ್ರ ಅದು ಮಿತಿ.

ಜಾನ್ ಮೋಸಸ್ ಬ್ರೌನಿಂಗ್ ಯೂಟಾದ ಆಗ್ಡನ್‌ನಲ್ಲಿ ತಂದೆಯ ಕುಲುಮೆಯಲ್ಲಿ ಬೆಳೆದವನು. ಆತ ರೂಪಿಸಿದ ಒಂಟಿ ಈಡಿನ ರೈಫಲಿಗೆ 1879ರಲ್ಲಿ ಪೇಟೆಂಟ್ ಸಿಕ್ಕಿತು. ಅಣ್ಣತಮ್ಮಂದಿರು ಕೆಲವು ನೂರು ರೈಫಲ್‌ಗಳನ್ನು ತಾವೇ ಮಾಡಿ ಮಾರಿದರು. ವಿಂಚೆಸ್ಟರ್ ಕಂಪನಿಯ ಬೆನೆಟ್ 1883ರಲ್ಲಿ ಆಗ್ಡನ್‌ಗೇ ಬಂದು ಅದರ ಹಕ್ಕನ್ನು ಕೊಂಡರು. ಅದು ವಿಂಚೆಸ್ಟರ್ 1885 ಆಗಿ ಬಂತು. ದೊಡ್ಡ ತೋಟಾಗಳಿಗೆ ಹೈ ವಾಲ್, ಸಣ್ಣವಕ್ಕೆ ಲೋ ವಾಲ್. ಸುಮಾರು 1,40,000 ತಯಾರಾಗಿ 1920ರಲ್ಲಿ ನಿಂತಿತು.

ಅದಕ್ಕೂ ಮುಂಚೆ, 1872ರಲ್ಲಿ, ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ ಹೊರಗೆ ಕುದುರೆಯೇ ಕಾಣದ ರಚನೆಯೊಂದಕ್ಕೆ ಪೇಟೆಂಟ್ ಪಡೆದಿದ್ದ. ಬ್ರಿಸ್ಟಲ್‌ನ ಜಾರ್ಜ್ ಗಿಬ್ಸ್ ಅದನ್ನು ತಯಾರಿಸಿದರು. ಸ್ಕಾಟ್ಲೆಂಡಿನ ಬೋಳು ಗುಡ್ಡಗಳಲ್ಲಿ ಕೆಂಪು ಜಿಂಕೆಯನ್ನು ದೂರದರ್ಶಕದಲ್ಲಿ ಹುಡುಕಿ, ಗಾಳಿಯ ದಿಕ್ಕು ನೋಡಿ, ಒದ್ದೆ ನೆಲದಲ್ಲಿ ಗಂಟೆಗಟ್ಟಲೆ ತೆವಳಿ ಹತ್ತಿರ ಹೋಗಬೇಕು. ಅಷ್ಟು ಶ್ರಮದ ಕೊನೆಗೆ ಸಿಗುವುದು ಸಾಮಾನ್ಯವಾಗಿ ಒಂದೇ ಅವಕಾಶ. ಹಗುರಾದ, ಹೊರಗೇನೂ ಚಾಚಿಕೊಳ್ಳದ ಇಂಥ ರೈಫಲ್ ಆ ಬೇಟೆಗೆ ಹೇಳಿ ಮಾಡಿಸಿದಂತಿತ್ತು. ನನ್ನ ಮಟ್ಟಿಗೆ, ನೋಡಲು ಇಷ್ಟು ಚೆಂದದ ಒಂಟಿ ಈಡಿನ ರೈಫಲ್ ಮತ್ತೊಂದಿಲ್ಲ.

ಮೂಲೆ ಸೇರಿದ್ದು, ಮರಳಿದ್ದು

ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನ ಪಾಲ್ ವೀಯೆಯ ಕೈಯಲ್ಲಿ ಹುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ಬ್ರೌನಿಂಗ್‌ನೇ ರೂಪಿಸಿದ, ಮ್ಯಾಗಜೀನ್ ಇರುವ ವಿಂಚೆಸ್ಟರ್ 1894, ಮರುವರ್ಷ ಬಂದ .30-30 ತೋಟಾದೊಂದಿಗೆ ಅಮೆರಿಕದ ಜಿಂಕೆ ರೈಫಲ್ ಎನಿಸಿತು. ಸನ್ನೆ ಎಳೆದಂತೆಲ್ಲ ಮುಂದಿನ ತೋಟಾ ಸಿದ್ಧ. ಒಂಟಿ ಈಡಿನದು ಬಡವರ ಮನೆಗೆ, ಹುಡುಗರ ಕೈಗೆ ಉಳಿಯಿತು. ಸ್ಟೀವನ್ಸ್ ಕಂಪನಿಯ ಫೇವರಿಟ್ ಅಂಥ ಅಗ್ಗದ ಪುಟ್ಟ ರೈಫಲ್.

ಅದೇ ಹೊತ್ತಿಗೆ ಜಿಂಕೆಯೂ ಅಳಿವಿನ ಅಂಚಿಗೆ ಬಂದಿತ್ತು. ಮಾಂಸ, ಚರ್ಮಗಳ ಮಾರಾಟಕ್ಕಾಗಿ ನಡೆದ ಬೇಟೆಯಿಂದ 1900ರ ಸುಮಾರಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟೂ ಉಳಿದಿರಲಿಲ್ಲವೆಂಬ ಅಂದಾಜಿದೆ. ಆ ವರ್ಷದ ಲೇಸಿ ಕಾಯ್ದೆ ಕದ್ದು ಹೊಡೆದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರ ನಿಲ್ಲಿಸಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬೇಟೆ ಬಂದೂಕು, ತೋಟಾಗಳ ಮೇಲಿನ 11% ತೆರಿಗೆಯನ್ನು ವನ್ಯಜೀವಿಗಳಿಗೆಂದೇ ಮೀಸಲಿಟ್ಟಿತು. ಹಂಗಾಮು, ಪರವಾನಗಿ, ಹೊಡೆಯಬಹುದಾದ ಜಿಂಕೆಗಳ ಎಣಿಕೆ ಎಲ್ಲ ಬಿಗಿಯಾದವು. ಜಿಂಕೆಗಳು ಕೋಟಿಗಳ ಲೆಕ್ಕದಲ್ಲಿ ಮರಳಿದವು. ವರ್ಷಕ್ಕೆ ಒಂದೋ ಎರಡೋ ಜಿಂಕೆಗಷ್ಟೇ ಅನುಮತಿ ಇರುವ ಬೇಟೆಗಾರನಿಗೆ ಮ್ಯಾಗಜೀನಿನ ಅವಸರ ಬೇಕಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಹಳೆಯ ರೈಫಲ್‌ಗಳನ್ನು ಹುಡುಕಿ ರಿಪೇರಿ ಮಾಡುವ ಆಸಕ್ತರು ಹೆಚ್ಚಿದರು. 1947ರಲ್ಲಿ ಒಂಟಿ ಈಡಿನ ರೈಫಲ್ ಬಗ್ಗೆ ಜೇಮ್ಸ್ ಗ್ರಾಂಟ್ ಅವರ ಪುಸ್ತಕ ಬಂತು. ಆದರೆ ಕಾರ್ಖಾನೆಯಲ್ಲಿ ಹೊಸದನ್ನು ಮಾಡುವ ಧೈರ್ಯ ಮಾಡಿದ್ದು ವಿಲಿಯಂ ರೂಗರ್. ಫಾರ್ಕರ್ಸನ್ ಮೇಲಿನ ಅಭಿಮಾನದಿಂದ ರೂಪಿಸಿದ ರೂಗರ್ ನಂ. 1 ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಮರದ ಕೆಲಸದಲ್ಲಿ ಲೆನಾರ್ಡ್ ಬ್ರೌನೆಲ್ ಕೈ ಇತ್ತು. ಅಗ್ಗದ ವಸ್ತು ಎಂದು ಕಡೆಗಣಿಸಲ್ಪಟ್ಟಿದ್ದ ಬಗೆಯೊಂದಕ್ಕೆ ಅದು ಗೌರವ ತಂದುಕೊಟ್ಟಿತು. ಅದೇ ವರ್ಷ ವಾರೆನ್ ಸೆಂಟರ್ ರೂಪಿಸಿದ ಕಂಟೆಂಡರ್ ಬಂತು: ಮೊದಲಿಗೆ ಪಿಸ್ತೂಲು, ಒಂದೇ ಚೌಕಟ್ಟಿಗೆ ಬೇರೆ ಬೇರೆ ನಳಿಗೆ ಜೋಡಿಸುವ ಅನುಕೂಲ. ಇನ್ನೊಂದು ತುದಿಯಲ್ಲಿ ಹ್ಯಾರಿಂಗ್ಟನ್ ಆ್ಯಂಡ್ ರಿಚರ್ಡ್‌ಸನ್ ಹೆಸರಿನ ಹ್ಯಾಂಡಿ ರೈಫಲ್. ಕೋವಿಯಂತೆ ನಡು ಮುರಿದು ತುಂಬುವ, ಕೂಲಿಕಾರನೂ ಕೊಳ್ಳಬಹುದಾದ ಬಂದೂಕು. 2015ರಲ್ಲಿ ತಯಾರಿಕೆ ನಿಂತಿತು. ಹೆನ್ರಿ ಕಂಪನಿ 2017ರಲ್ಲಿ ಅದೇ ಜಾಗಕ್ಕೆ ತನ್ನದನ್ನು ತಂದಿತು.

ಆರಿಸುವಾಗ ನೋಡುವುದು

ಹಲವೆಡೆ ಮೊದಲು ನೋಡಬೇಕಾದುದು ಕಾನೂನು. ಮಿಸಿಸಿಪ್ಪಿಯಲ್ಲಿ ಹಳೆಯ ಬಗೆಯ ಆಯುಧಗಳಿಗೆ ಪ್ರತ್ಯೇಕ ಹಂಗಾಮಿದೆ. ಕುದುರೆ ಹೊರಗೆ ಕಾಣುವ, .35 ಅಥವಾ ಅದಕ್ಕಿಂತ ದೊಡ್ಡ ಕ್ಯಾಲಿಬರಿನ ಒಂಟಿ ಈಡಿನ ರೈಫಲಿಗೆ ಅದರಲ್ಲಿ ಅವಕಾಶ. ಒಹಾಯೊ, ದಕ್ಷಿಣ ಮಿಶಿಗನ್‌ಗಳಂಥ ಹಳ್ಳಿ ಒತ್ತಾದ ಸಮತಟ್ಟು ಸೀಮೆಯಲ್ಲಿ ಗುಂಡು ಬಹುದೂರ ಹಾರಬಾರದೆಂದು ಹಿಂದೆ ಕೋವಿಗಷ್ಟೇ ಅನುಮತಿಯಿತ್ತು. 2014ರಲ್ಲಿ ಅಲ್ಲಿ, 2017ರಲ್ಲಿ ಅಯೋವಾದಲ್ಲಿ ನೇರಗೋಡೆಯ ತೋಟಾ ಹಾರಿಸುವ ರೈಫಲ್‌ಗಳಿಗೆ ದಾರಿ ತೆರೆಯಿತು. ಕತ್ತು ಕಿರಿದಾಗದ ಈ ತೋಟಾಗಳ ದಪ್ಪ ಗುಂಡು ಬೇಗ ನೆಲ ಸೇರುತ್ತದೆ. .450 ಬುಷ್‌ಮಾಸ್ಟರ್, 2019ರ .350 ಲೆಜೆಂಡ್, ಮುದುಕ .45-70 ಎಲ್ಲಕ್ಕೂ ನಡು ಮುರಿಯುವ ಅಗ್ಗದ ರೈಫಲ್ ಸಲೀಸಾಗಿ ಹೊಂದಿತು.

ಆಮೇಲೆ ಅಳತೆ. ಮ್ಯಾಗಜೀನ್ ರೈಫಲಿನ ಬೋಲ್ಟಿನಂತೆ ಹಿಂದೆ ಮುಂದೆ ಓಡುವ ಭಾಗಕ್ಕೆ ಜಾಗ ಬೇಡವಾದ್ದರಿಂದ ಅಷ್ಟೇ ಉದ್ದದ ನಳಿಗೆಯಿದ್ದೂ ಒಟ್ಟು ಉದ್ದ ಸುಮಾರು ನಾಲ್ಕು ಅಂಗುಲ ಕಡಿಮೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂರುವವನಿಗೆ ಇದು ದೊಡ್ಡ ಲಾಭ. ಸನ್ನೆ ಕೆಳಗಿರುವುದರಿಂದ ಎಡಗೈಯವನಿಗೂ ಒಗ್ಗುತ್ತದೆ. ಬೇಲಿ ದಾಟುವಾಗ ನಡು ಮುರಿದು ಹಿಡಿದರೆ ಬಂದೂಕು ನಿರಪಾಯವೆಂದು ಜೊತೆಯವರಿಗೂ ಕಣ್ಣಿಗೆ ಕಾಣುತ್ತದೆ. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತೀರ ಹಗುರಾದ ರೈಫಲಿಗೆ ಭಾರಿ ತೋಟಾ ಹಾಕಿ ಹುಡುಗನ ಕೈಗೆ ಕೊಡುವುದು ಕ್ರೌರ್ಯ. ಹೆಗಲಿಗೆ ಒದೆ ತಿಂದವನು ಮುಂದಿನ ಸಲ ಟ್ರಿಗರ್ ಒತ್ತುವ ಮೊದಲೇ ಬೆಚ್ಚುತ್ತಾನೆ, ಜಿಂಕೆ ಗಾಯಗೊಂಡು ಓಡುತ್ತದೆ.

ಸಾಮಾನ್ಯ ಗುರಿ ಮುಂಗಾಲಿನ ಹಿಂದೆ ಎದೆಗೂಡಿನ ಸುಮಾರು ಎಂಟು ಅಂಗುಲ ಅಗಲದ ಜಾಗ. ತನ್ನ ರೈಫಲ್ ಯಾವ ದೂರದವರೆಗೆ ತಣ್ಣಗಿನ ನಳಿಗೆಯ ಮೊದಲ ಈಡನ್ನೇ ಅಲ್ಲಿಗೆ ಕಳಿಸುತ್ತದೆಂದು ಬೇಟೆಗಾರ ಮೊದಲೇ ಹೊಡೆದು ತಿಳಿದಿರಬೇಕು. ಈ ಬಗೆಯ ರೈಫಲ್‌ಗಳಲ್ಲಿ ಹಿಡಿಮರ ಹಿಂದೆ ಮುಂದೆ ಎರಡು ತುಂಡಾಗಿರುವುದರಿಂದ ಮುಂದಿನ ತುಂಡು ನಳಿಗೆಯನ್ನು ಒತ್ತುವ ಪರಿಯೇ ನಿಖರತೆಯನ್ನು ಕೆಡಿಸಬಲ್ಲದು. ರೂಗರ್ ನಂ. 1ರ ಒಡೆಯರು ಅದರ ತಿರುಪಿನ ಬಿಗಿ ಸರಿಪಡಿಸುವುದರಲ್ಲೇ ವರ್ಷಗಳನ್ನು ಕಳೆದದ್ದುಂಟು. ಖಾಲಿ ತೋಟಾವನ್ನು ಚಿಮ್ಮಿಸಿ ಎಸೆಯುವ ರೈಫಲ್ ಮರುಈಡಿಗೆ ಬೇಗ ಸಿದ್ಧವಾಗುತ್ತದೆ. ಬರಿಯ ಮೇಲೆತ್ತಿ ಕೊಡುವುದು ಸದ್ದು ಮಾಡುವುದಿಲ್ಲ, ತೋಟಾ ಕಳೆಯುವುದಿಲ್ಲ. ಆಲ್ಪ್ಸ್ ಬೆಟ್ಟಗಳ ಬೇಟೆಗಾರರಲ್ಲಿ ಹಲವರು ಇಂದಿಗೂ ನಡು ಮುರಿಯುವ ಹಗುರ ರೈಫಲನ್ನು ಹಿಡಿಯುತ್ತಾರೆ. ಬ್ಲೇಸರ್ ಕೆ95ರಂಥವನ್ನು ಎರಡು ತುಂಡು ಮಾಡಿ ಬೆನ್ನಚೀಲದಲ್ಲಿ ಹಾಕಿಕೊಂಡು ಹತ್ತಬಹುದು. ತೋಟಾ ಒಳಗಿದ್ದರೂ ಹೆಬ್ಬೆರಳಿನಿಂದ ಗುಂಡಿ ಮುಂದೊತ್ತುವವರೆಗೆ ಅದರ ಸ್ಪ್ರಿಂಗ್ ಬಿಗಿಯಾಗುವುದಿಲ್ಲ. ಹೊಡೆಯುವುದಿಲ್ಲವೆಂದು ತೀರ್ಮಾನಿಸಿದರೆ ಗುಂಡಿಯನ್ನು ಸದ್ದಿಲ್ಲದೆ ಹಿಂದಕ್ಕೆ ಬಿಟ್ಟರಾಯಿತು.