ಇಲ್ಲದ ದಿನವೊಂದರ ಕಥೆ

ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಲೆಕ್ಕದಲ್ಲಿ 1900ನೇ ಇಸವಿಗೆ ಫೆಬ್ರವರಿ 29 ಇರಲಿಲ್ಲ. ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ ಎಂದು ಶಾಲೆಯಲ್ಲಿ ಉರು ಹೊಡೆದವರು ಅದರ ಬಾಲಂಗೋಚಿಯನ್ನು ಮರೆತುಬಿಟ್ಟಿರುತ್ತೇವೆ: ಶತಮಾನದ ವರ್ಷವಾದರೆ ಅದು 400ರಿಂದ ಭಾಗವಾಗಬೇಕು. 2000 ಆಗುತ್ತದೆ, 1900 ಆಗುವುದಿಲ್ಲ. ಆದರೆ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಒಂದು ಚೌಕದಲ್ಲಿ 60 ಎಂದು ಬರೆದು, ಅದನ್ನು ತಾರೀಕಾಗಿ ತೋರಿಸು ಎಂದು ಕೇಳಿ ನೋಡಿ. 29 ಫೆಬ್ರವರಿ 1900 ಎಂದು ಯಾವ ಸಂಕೋಚವೂ ಇಲ್ಲದೆ ತೋರಿಸುತ್ತದೆ.

ಸಂಜೆ ಹೊತ್ತು ನಮ್ಮ ಊರಿನ ಹೆಂಗಸರಿಗೆ ನಾನು ಕಂಪ್ಯೂಟರ್ ಹೇಳಿಕೊಡುತ್ತೇನೆ. ಅವರಿಗೆ ಬಹಳ ಖುಷಿ ಕೊಡುವ ಪಾಠ ಇದು. “ಅಷ್ಟು ದೊಡ್ಡ ಕಂಪನಿಯವರಿಗೆ ಇದು ಗೊತ್ತಾಗಲಿಲ್ಲವೇ ಟೀಚರ್?” ಎಂದು ಕೇಳುತ್ತಾರೆ. ಗೊತ್ತಿತ್ತು. ಗೊತ್ತಿದ್ದೇ ಹಾಗೆ ಬಿಟ್ಟರು.

1983ರಲ್ಲಿ ಅಮೆರಿಕದಲ್ಲಿ ಲೋಟಸ್ 1-2-3 ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಆಫೀಸುಗಳಲ್ಲಿ ಅದೇ ಮನೆಮಾತಾಯಿತು. ತಾರೀಕುಗಳನ್ನು ಅದು ಒಳಗೆ ಬರೀ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಿತ್ತು: 1900ರ ಜನವರಿ 1 ಅಂದರೆ 1, ಮರುದಿನ 2, ಹೀಗೆ. ಆ ಎಣಿಕೆಯಲ್ಲಿ 1900 ಅಧಿಕ ವರ್ಷವಾಗಿಬಿಟ್ಟಿತು. ಮೈಕ್ರೋಸಾಫ್ಟ್‌ನ ಎಕ್ಸೆಲ್ 1987ರಲ್ಲಿ ವಿಂಡೋಸ್‌ಗೆ ಬರುವ ಹೊತ್ತಿಗೆ ಲೋಟಸ್‌ನಲ್ಲಿ ಲೆಕ್ಕ ಇಟ್ಟವರು ಲಕ್ಷಗಟ್ಟಲೆ. ಅವರ ಕಡತಗಳು ಇಲ್ಲಿ ತೆರೆದಾಗ ತಾರೀಕು ಆಚೀಚೆ ಆದರೆ ಯಾರು ಬಂದಾರು? ಹಾಗಾಗಿ ಆ ತಪ್ಪನ್ನೂ ಹಾಗೇ ಬರಮಾಡಿಕೊಂಡರು, ಮನೆಗೆ ಬರುವ ಸೊಸೆಯ ಜೊತೆ ಅವಳ ಹಳೆಯ ಟ್ರಂಕೂ ಬರುವ ಹಾಗೆ.

ಈಗ ತಿದ್ದಬಹುದಲ್ಲ ಎನ್ನುತ್ತೀರಿ. 2000ದ ಜನವರಿ 1 ಎಕ್ಸೆಲ್‌ನ ಹೊಟ್ಟೆಯೊಳಗೆ 36526. ಆ ಸುಳ್ಳು ದಿನವನ್ನು ಕಿತ್ತು ಹಾಕಿದರೆ ಅದೇ ಸಂಖ್ಯೆ ಜನವರಿ 2 ಎಂದು ತೋರಿಸುತ್ತದೆ. ಠೇವಣಿ ಮುಗಿಯುವ ದಿನ, ಮಗುವಿನ ಜನ್ಮದಿನ, ಕಂತು ಕಟ್ಟುವ ದಿನ, ಎಲ್ಲವೂ ಒಂದೊಂದು ದಿನ ಮುಂದಕ್ಕೆ ಜಾರುತ್ತವೆ. ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಸುಳ್ಳನ್ನು ತಿದ್ದಲು ಇವತ್ತಿನ ಕೋಟ್ಯಂತರ ನಿಜಗಳನ್ನು ಕೆಡಿಸಬೇಕು. ಯಾರೂ ಆ ಕೈ ಹಾಕಲಿಲ್ಲ. ಹಾಕದ್ದು ಒಳ್ಳೆಯದೇ ಆಯಿತೆಂದು ನನಗನ್ನಿಸುತ್ತದೆ.

ಸಾಫ್ಟ್‌ವೇರಿನವರ ಬಾಯಲ್ಲಿ ಡೀಫಾಲ್ಟ್ ಎಂಬ ಮಾತೊಂದಿದೆ. ಹೋಟೆಲಿನಲ್ಲಿ ಬರೀ “ಒಂದು ಕಾಫಿ” ಎಂದರೆ ಸಕ್ಕರೆ ಹಾಕಿಯೇ ತರುತ್ತಾರೆ. ಬೇಡದವರು ಬಾಯಿಬಿಟ್ಟು ಹೇಳಬೇಕು. ನಾವು ಏನೂ ಹೇಳದಿದ್ದಾಗ ತಾನಾಗಿ ಆಗುವುದೇ ಡೀಫಾಲ್ಟ್. ನಾಳೆಯಿಂದ ಕೇಳದೇ ಇದ್ದರೆ ಸಕ್ಕರೆ ಇಲ್ಲ ಎಂದು ಹೋಟೆಲಿನವರು ನಿಶ್ಚಯಿಸಿದರೆ, ಅದು ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು, ಆದರೂ ಬೆಳಿಗ್ಗೆ ಎಂಟು ಗಂಟೆಗೆ ಅಲ್ಲಿ ಏಳುವ ಗಲಾಟೆಯನ್ನು ಊಹಿಸಿಕೊಳ್ಳಿ.

ಬದಲಾಯಿಸಲು ಹೆದರಿದವರ ಪೈಕಿ ನನಗೆ ತುಂಬ ಇಷ್ಟವಾದವರು ಸ್ಟುವರ್ಟ್ ಫೆಲ್ಡ್‌ಮನ್. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಮೇಕ್ ಎಂಬ ಸಲಕರಣೆ ಬರೆದರು. ಪ್ರೋಗ್ರಾಂ ಬರೆಯುವವರಿಗೆ ಅದು ಬೇಕೇ ಬೇಕು. ಅದರಲ್ಲಿ ಕೆಲವು ಸಾಲುಗಳು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಟ್ಯಾಬ್ ಇರಲಿ, ನಾಲ್ಕು ಖಾಲಿ ಜಾಗ ಇರಲಿ, ಕಣ್ಣಿಗೆ ಎರಡೂ ಒಂದೇ. ಮೇಕ್‌ಗೆ ಮಾತ್ರ ಒಂದು ಸರಿ, ಇನ್ನೊಂದು ತಪ್ಪು. ಇದು ತೊಡಕು ಎಂದು ಅವರಿಗೆ ಕೆಲವೇ ವಾರಗಳಲ್ಲಿ ಗೊತ್ತಾಯಿತಂತೆ. ಅಷ್ಟರಲ್ಲಿ ಸುಮಾರು ಹನ್ನೆರಡು ಜನ, ಹೆಚ್ಚಿನವರು ಸ್ನೇಹಿತರೇ, ಅದನ್ನು ಬಳಸತೊಡಗಿದ್ದರು. ಅವರಿಗೇಕೆ ತೊಂದರೆ ಕೊಡುವುದೆಂದು ಬಿಟ್ಟರು. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಆಮೇಲೆ ಬಂದ ಲಕ್ಷಾಂತರ ಹುಡುಗ ಹುಡುಗಿಯರು ಕಾಣದ ತಪ್ಪಿಗಾಗಿ ಕಣ್ಣು ಕೀಳಿಸಿಕೊಂಡು ಕೂತರು. 2010ರಲ್ಲಿ ಗ್ನೂ ಸಂಸ್ಥೆಯ ಮೇಕ್‌ನಲ್ಲಿ, ಬೇಕೆಂದವರು ಟ್ಯಾಬ್ ಬದಲು ಬೇರೆ ಚಿಹ್ನೆ ಇಟ್ಟುಕೊಳ್ಳಬಹುದು ಎಂದಾಯಿತು. ಏನೂ ಹೇಳದಿದ್ದರೆ ಟ್ಯಾಬೇ.

ಹಾಗೆಂದು ಬದಲಾಯಿಸಲೇಬಾರದೆಂದೇನಿಲ್ಲ. ನಮ್ಮ ದೇಶವೇ 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಎಂಬುದನ್ನು ಬಿಟ್ಟು ನೂರು ನಯಾಪೈಸೆ ಮಾಡಿತು. ನಾಲ್ಕಾಣೆಗೆ 25 ಸರಿಯಾಗಿ ಕೂತಿತು, ಒಂದಾಣೆಗೆ ಆರೂಕಾಲು ಬಂದು ತರಕಾರಿಯವಳಿಗೂ ಗೃಹಿಣಿಗೂ ಜಗಳಕ್ಕೊಂದು ಕಾರಣವಾಯಿತು. ಆದರೆ ಹಳೆಯ ನಾಣ್ಯವೂ ಹೊಸದೂ ಕೆಲವು ಕಾಲ ಜೊತೆಗೇ ಓಡಾಡಿದವು. ‘ನಯಾ’ ಎಂಬ ಮಾತನ್ನು ಕೈಬಿಟ್ಟದ್ದು 1964ರಲ್ಲಿ.

ಎಕ್ಸೆಲ್‌ನಲ್ಲೂ ಇಂಥದೇ ಒಂದು ಜಾಣತನ ನಡೆದಿದೆ. ಆಪಲ್‌ನವರ ಮ್ಯಾಕ್ ಕಂಪ್ಯೂಟರಿನ ಎಕ್ಸೆಲ್‌ಗೆ ದಿನಗಳ ಎಣಿಕೆ 1904ರಿಂದ. ಹಾಗಾಗಿ 1900ರ ಗೊಡವೆಯೇ ಅದಕ್ಕಿಲ್ಲ. 2011ರ ಆವೃತ್ತಿಯಿಂದ ಅಲ್ಲೂ 1900ರ ಎಣಿಕೆ ತಂದರು. ಆದರೆ ಹಳೆಯ ಕಡತಗಳನ್ನು ಮುಟ್ಟಲಿಲ್ಲ. ತನ್ನ ಎಣಿಕೆ ಯಾವುದೆಂಬ ಗುರುತು ಪ್ರತಿ ಕಡತದೊಳಗೂ ಇರುತ್ತದೆ. ಹೊಸದಾಗಿ ಶುರು ಮಾಡಿದ್ದಕ್ಕೆ ಹೊಸ ಲೆಕ್ಕ, ಹಳೆಯದಕ್ಕೆ ಅದರದೇ ಲೆಕ್ಕ. ಒಂದರಿಂದ ತಾರೀಕು ಎತ್ತಿ ಇನ್ನೊಂದರಲ್ಲಿ ಅಂಟಿಸಿದರೆ ಮಾತ್ರ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನದ ವ್ಯತ್ಯಾಸ ಬರುತ್ತದೆ.

ಇದಕ್ಕೆ ತದ್ವಿರುದ್ಧ ವಿಂಡೋಸ್ 8. 1995ರಿಂದ ಪರದೆಯ ಎಡಮೂಲೆಯಲ್ಲಿ ತುಳಸಿಕಟ್ಟೆಯ ಹಾಗೆ ಕೂತಿದ್ದ ಸ್ಟಾರ್ಟ್ ಗುಂಡಿಯನ್ನು 2012ರ ಅಕ್ಟೋಬರಿನಲ್ಲಿ ತೆಗೆದೇಬಿಟ್ಟರು. ಬೇಕೆಂದವರಿಗೆ ಹಿಂದಕ್ಕೆ ತರುವ ದಾರಿಯನ್ನೂ ಇಡಲಿಲ್ಲ. ಎಲ್ಲೆಡೆ ಗೊಣಗಾಟ ಎದ್ದು, ಮರುವರ್ಷ ಗುಂಡಿ ಬಂತು. ಅದರ ಹಳೆಯ ಪಟ್ಟಿ ಬರಲು 2015ರ ವಿಂಡೋಸ್ 10 ತನಕ ಕಾಯಬೇಕಾಯಿತು.

ಆ ದಿನಗಳಲ್ಲಿ ನಮ್ಮ ಮಹಿಳಾ ಸಂಘದ ಖಜಾಂಚಿ, ಐವತ್ತೈದು ದಾಟಿದ ಮೇಲೆ ಮೌಸ್ ಹಿಡಿದವರು, ಹೊಸ ಕಂಪ್ಯೂಟರಿನ ಮುಂದೆ ಬೆವರುತ್ತ ಕೂತಿದ್ದರು. “ನಾನೇ ಏನೋ ಒತ್ತಿ ಹಾಳುಮಾಡಿಬಿಟ್ಟೆ ಕಣಮ್ಮ” ಎಂದರು. ಗಂಡಸರು ಕಂಪನಿಯನ್ನು ಬೈಯುತ್ತಿದ್ದರು, ನಮ್ಮ ಹೆಂಗಸರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಒಂದು ಗುಂಡಿ ಹೋದದ್ದಕ್ಕಿಂತ ನನಗೆ ನೋವಾದದ್ದು ಇದು. ಆಕೆ ಎರಡು ತಿಂಗಳು ಮತ್ತೆ ಕೈಬರಹದ ಲೆಡ್ಜರಿಗೇ ಹೋದರು.

2021ರ ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಎಡಮೂಲೆಯಿಂದ ನಡುವಿಗೆ ಬಂತು. ಈ ಸಲ ಬೇಡದವರು ಅದನ್ನು ಎಡಕ್ಕೇ ಸರಿಸಿಕೊಳ್ಳಬಹುದಿತ್ತು. ಸಂಘದ ಕಂಪ್ಯೂಟರಿನಲ್ಲಿ ಎರಡೇ ನಿಮಿಷದಲ್ಲಿ ಸರಿಸಿ ತೋರಿಸಿದೆ. ಖಜಾಂಚಿಯವರು ಕನ್ನಡಕ ಏರಿಸಿಕೊಂಡು, ಮೂಲೆಯ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದರು.

“ಇಷ್ಟು ಸುಲಭವಾ? ಹಾಗಿದ್ದರೆ ಮೊದಲೇ ಒಂದು ಮಾತು ಕೇಳಬಹುದಿತ್ತಲ್ಲ ಅವರು” ಎಂದರು.